ಹಳೆ ಕಾರಿನ ಪವರ್ ವಿಂಡೋ ನಿಧಾನ ಆಗಿದೆ, ಮೋಟರ್ ಬದಲಾಯಿಸಬೇಕಾ?

ನಿಮ್ಮ ಕಾರು 2009ರದ್ದು. ಎಡಗಡೆ ಮುಂದಿನ ಗ್ಲಾಸ್ ಇಳಿಯುವಾಗ ಪರವಾಗಿಲ್ಲ, ಏರುವಾಗ ತೆವಳುತ್ತದೆ, ಮಳೆ ಹಿಡಿದರೆ ಅರ್ಧಕ್ಕೇ ನಿಲ್ಲುತ್ತದೆ. ಗ್ಯಾರೇಜಿನವರು ಮೋಟರ್ ಹೋಗಿದೆ ಅಂದಿದ್ದಾರೆ, ಹಾಕಿಸಬೇಕಾ ಅಂತ ಕೇಳಿದ್ದೀರಿ. ಸದ್ಯಕ್ಕೆ ಬೇಡ. ಸುಮ್ನೆ ಮೋಟರ್ ಹಾಕಿಸಿ ಕೈ ಸುಟ್ಟುಕೊಂಡವನು ನಾನು.

ನಮ್ಮ ಮನೆ ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗಿಂತ ಜಾಸ್ತಿ ಮಳೆ. ಅದರಲ್ಲಿ ನಮ್ಮ ಪಾಲಿಗೂ ಸಾಕಷ್ಟು ಬರುತ್ತದೆ. ಕಾರು ನಿಲ್ಲುವುದು ಕೊಟ್ಟಿಗೆ ಪಕ್ಕದ ಮಾಡಿನ ಕೆಳಗೆ. ನನ್ನ ಕಾರಿನ ಗ್ಲಾಸೂ ಇದೇ ಆಟ ಆಡಿದಾಗ ಮೋಟರ್ ಬದಲಾಯಿಸಿಕೊಟ್ಟರು. ಬೇಸಿಗೆಯಿಡೀ ಚೆನ್ನಾಗಿತ್ತು. ಜುಲೈ ಬಂದದ್ದೇ ತಡ, ಹೊಸ ಮೋಟರೂ ಏದುಸಿರು ಬಿಡತೊಡಗಿತು. ಕೊನೆಗೆ ಟಾರ್ಚ್ ಹಿಡಿದು ನೋಡಿದರೆ, ಗ್ಲಾಸ್ ಜಾರುವ ರಬ್ಬರ್ ಚಾನೆಲ್ ಒಳಗೆ ಪಾಚಿ, ಧೂಳು ಸೇರಿ ಕೆಸರು ಕಟ್ಟಿತ್ತು. ಪಾಪ, ಮೋಟರ್ ಏನು ಮಾಡುತ್ತದೆ?

ಹಾಗಾಗಿ ಮೊದಲು ತಿಳಿಯಬೇಕಾದದ್ದು ಒಂದೇ: ಗ್ಲಾಸ್ ಬಿಗಿಯಾಗಿದೆಯಾ, ಇಲ್ಲಾ ಮೋಟರಿಗೆ ಕರೆಂಟ್ ಸರಿಯಾಗಿ ಹೋಗುತ್ತಿಲ್ಲವಾ? ಇದಕ್ಕೆ ದುಡ್ಡು ಖರ್ಚಿಲ್ಲದ ಪರೀಕ್ಷೆ ಇದೆ. ಸಂಜೆ ಕತ್ತಲಾದ ಮೇಲೆ ಇಂಜಿನ್ ಆಫ್ ಇಟ್ಟು, ಕೀ ಮಾತ್ರ ಆನ್ ಮಾಡಿ. ಒಳಗಿನ ಲೈಟ್ ಹಾಕಿ ಗ್ಲಾಸ್ ಏರಿಸಿ. ಲೈಟ್ ಚೆನ್ನಾಗಿ ಮಂಕಾದರೆ ಮೋಟರ್ ಕರೆಂಟ್ ಎಳೆಯುತ್ತಿದೆ, ಒದ್ದಾಡುತ್ತಿದೆ, ಅಂದರೆ ಗ್ಲಾಸ್ ಎಲ್ಲೋ ಹಿಡಿಯುತ್ತಿದೆ. ಲೈಟ್ ಹೆಚ್ಚೇನೂ ಬದಲಾಗದೆ ಗ್ಲಾಸ್ ಮಾತ್ರ ತೆವಳಿದರೆ ಸ್ವಿಚ್, ವೈರ್ ಅಥವಾ ಮೋಟರಿನ ಬ್ರಷ್ (ಒಳಗೆ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಕಾರ್ಬನ್ ತುಂಡು) ಮೇಲೆ ಅನುಮಾನ ಪಡಿ. ಸರಿ ಇರುವ ಬಲಗಡೆ ಗ್ಲಾಸಿನ ಜೊತೆ ಹೋಲಿಸಿ ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಒಳಗೆ ಎಲ್‌ಇಡಿ ಹಾಕಿಸಿದ್ದರೆ ಈ ಉಪಾಯ ನಡೆಯುವುದಿಲ್ಲ. ಆಗ ಮನೆಯವರಿಗೆ ಸ್ವಿಚ್ ಒತ್ತಲು ಹೇಳಿ, ನೀವು ಗ್ಲಾಸಿನ ಎರಡೂ ಬದಿಗೆ ಅಂಗೈ ಒತ್ತಿ ಮೇಲಕ್ಕೆ ನೂಕಿ. ಸ್ವಲ್ಪ ನೂಕಿದ್ದಕ್ಕೇ ಸರಸರ ಏರಿದರೆ ಬಿಗಿ ಇದೆ ಅಂತಲೇ ಲೆಕ್ಕ. ಬೆರಳು ಮಾತ್ರ ಮೇಲಿನ ಅಂಚಿನ ಹತ್ತಿರ ಹೋಗದಿರಲಿ.

ನೀವು ಹೇಳಿದ್ದನ್ನು ನೋಡಿದರೆ, ಮಳೆಯಲ್ಲಿ ಜಾಸ್ತಿ ಆಗುತ್ತದೆ ಅನ್ನುವುದರಿಂದ, ನನಗೆ ಚಾನೆಲ್ ಮೇಲೇ ಅನುಮಾನ. ಗ್ಲಾಸ್ ಪೂರ್ತಿ ಇಳಿಸಿ. ಅಡಿಕೆ ಹಾಳೆಯ ತೆಳು ಸೀಳಿಗೆ ಹಳೆ ಬನಿಯನ್ ಬಟ್ಟೆ ಸುತ್ತಿ, ಸೋಪಿನ ನೀರಲ್ಲಿ ಅದ್ದಿ, ಎರಡೂ ಬದಿಯ ಚಾನೆಲ್ ಒಳಗೆ ಮೇಲಿಂದ ಕೆಳಗೆ ಉಜ್ಜಿ. ಪ್ಲಾಸ್ಟಿಕ್ ಸ್ಕೇಲೂ ಆಗುತ್ತದೆ, ಆದರೆ ಹಾಳೆ ಬಾಗುತ್ತದೆ, ರಬ್ಬರ್ ಹರಿಯುವುದಿಲ್ಲ. ಬಟ್ಟೆ ಕಪ್ಪಾಗುವುದು ನಿಲ್ಲುವವರೆಗೂ ಬಿಡಬೇಡಿ. ನಾನು ನಾಲ್ಕು ಬಟ್ಟೆ ಎಸೆದೆ. ಆಮೇಲೆ ಪೂರ್ತಿ ಒಣಗಲಿ, ಬಿಸಿಲಿಲ್ಲದಿದ್ದರೆ ಒಂದು ರಾತ್ರಿ ಬಿಡಿ. ಒಣಗಿದ ಮೇಲೆ ಸಿಲಿಕಾನ್ ಸ್ಪ್ರೇ ಹೊಡೆಯಿರಿ, ಉದ್ದ ಕೊಳವೆ ಇರುವ ಡಬ್ಬಿ ತಗೊಂಡರೆ ಒಳಗೆ ತಲುಪುತ್ತದೆ.

ಕೊಬ್ಬರಿ ಎಣ್ಣೆ, ಗ್ರೀಸ್ ಯಾವುದನ್ನೂ ರಬ್ಬರಿಗೆ ಹಾಕಬೇಡಿ. ನಮ್ಮ ದೊಡ್ಡಪ್ಪ ಕೊಬ್ಬರಿ ಎಣ್ಣೆ ಹಾಕಿದರು. ಎರಡು ದಿನ ಬೆಣ್ಣೆ ಥರ ಓಡಿತು, ಮೂರನೇ ವಾರ ಅಂಟಿನ ಥರ ಹಿಡಿಯಿತು. ತುಕ್ಕು ಬಿಡಿಸುವ ಸ್ಪ್ರೇಗಳಲ್ಲಿ ಪೆಟ್ರೋಲಿಯಂ ಎಣ್ಣೆ ಇರುತ್ತದೆ, ಅದು ಕೆಲವು ರಬ್ಬರನ್ನು ಉಬ್ಬಿಸುತ್ತದೆ. ಉಬ್ಬಿದರೆ ಇನ್ನೂ ಬಿಗಿ.

ಸ್ಪ್ರೇ ಆದ ಮೇಲೆ ನಾಲ್ಕೈದು ಸಲ ಏರಿಸಿ ಇಳಿಸಿ. ಖುಷಿಯಲ್ಲಿ ಹತ್ತಿಪ್ಪತ್ತು ಸಲ ಮಾಡಬೇಡಿ. ಮೋಟರ್ ಬಿಸಿಯಾದರೆ ಒಳಗಿನ ರಕ್ಷಣೆ ತಾನೇ ಕರೆಂಟ್ ಕಟ್ ಮಾಡುತ್ತದೆ. ಜನ ಸುಟ್ಟೇ ಹೋಯ್ತು ಅಂತ ಗಾಬರಿ ಆಗುತ್ತಾರೆ. ಸ್ವಲ್ಪ ಹೊತ್ತು ತಣ್ಣಗಾದರೆ ಮತ್ತೆ ಓಡುತ್ತದೆ. ನಿಮ್ಮದು ಅರ್ಧಕ್ಕೆ ನಿಲ್ಲುವುದೂ ಇದೇ ಕಾರಣಕ್ಕೆ ಇರಬಹುದು.

ಲೈಟ್ ಪರೀಕ್ಷೆಯಲ್ಲಿ ಕರೆಂಟಿನ ತೊಂದರೆ ಅಂತ ಬಂದರೆ, ಎಡಗಡೆ ಬಾಗಿಲಿನ ಸ್ವಿಚ್ಚಿನಿಂದ ಒಮ್ಮೆ, ಡ್ರೈವರ್ ಕಡೆಯ ಸ್ವಿಚ್ಚಿನಿಂದ ಒಮ್ಮೆ ಏರಿಸಿ. ಡ್ರೈವರ್ ಕಡೆಯದರಲ್ಲಿ ಮಾತ್ರ ನಿಧಾನ ಆದರೆ ಅದರ ಕಾಂಟ್ಯಾಕ್ಟ್ ಕಪ್ಪಾಗಿದೆ. ಎರಡರಲ್ಲೂ ನಿಧಾನ ಆದರೂ ಡ್ರೈವರ್ ಸ್ವಿಚ್ಚನ್ನು ಅನುಮಾನದಿಂದ ಬಿಟ್ಟುಬಿಡಬೇಡಿ. ಎಷ್ಟೋ ಕಾರುಗಳಲ್ಲಿ ಎಡಗಡೆ ಸ್ವಿಚ್ಚಿನ ಅರ್ಥಿಂಗ್ ಡ್ರೈವರ್ ಸ್ವಿಚ್ಚಿನ ಮೂಲಕವೇ ಹೋಗುತ್ತದೆ. ನಮ್ಮ ಕಡೆ ಡ್ರೈವರ್ ಗ್ಲಾಸ್ ಇಳಿಸಿ ಮಾತಾಡುತ್ತಾ ನಿಂತು ಎರಚಲು ಒಳಗೆ ಬರುವುದು ಮಾಮೂಲು ಅಲ್ವಾ, ಆ ನೀರೆಲ್ಲ ಬೀಳುವುದು ಅಲ್ಲೇ. ಬಾಗಿಲಿನ ಹಿಂಜಿನ ಹತ್ತಿರ ರಬ್ಬರ್ ಕೊಳವೆಯೊಳಗೆ ವೈರ್ ಎಳೆ ತುಂಡಾಗುವುದೂ ಇದೆ. ಸ್ವಿಚ್ ಒತ್ತಿಕೊಂಡು ಬಾಗಿಲನ್ನು ಹಿಂದೆ ಮುಂದೆ ಆಡಿಸಿ, ವೇಗ ಬದಲಾದರೆ ಸಿಕ್ಕಿಬಿತ್ತು. ಮಲ್ಟಿಮೀಟರ್ ಇದ್ದರೆ, ಗ್ಲಾಸ್ ಓಡುತ್ತಿರುವಾಗಲೇ ಮೋಟರ್ ಕನೆಕ್ಟರಿನಲ್ಲಿ ಅಳೆಯಿರಿ. ಬ್ಯಾಟರಿಯಲ್ಲಿ 12 ವೋಲ್ಟಿಗಿಂತ ಮೇಲಿದ್ದು ಅಲ್ಲಿ 10ಕ್ಕಿಂತ ಕಡಿಮೆ ಬಂದರೆ ದಾರಿಯಲ್ಲಿ ಸೋರುತ್ತಿದೆ.

ಕನೆಕ್ಟರ್ ನೋಡಲು ಡೋರ್ ಪ್ಯಾಡ್ ಬಿಚ್ಚಬೇಕು. ಹಳೆ ಕಾರಿನಲ್ಲಿ ಪ್ಲಾಸ್ಟಿಕ್ ಕ್ಲಿಪ್ ಮುರಿಯದೆ ಬರುವುದು ಅಪರೂಪ. ಶಿವಮೊಗ್ಗಕ್ಕೆ ಹೋದಾಗ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಎಂಟ್ಹತ್ತು ತಂದಿಟ್ಟುಕೊಂಡೇ ಕೈ ಹಾಕಿ. ಪ್ಯಾಡ್ ಹಿಂದಿನ ಪ್ಲಾಸ್ಟಿಕ್ ಶೀಟನ್ನು ಹರಿಯಬೇಡಿ. ಬಾಗಿಲೊಳಗೆ ನೀರು ಇಳಿಯುವುದು ಸಹಜ, ಅದು ಸೀಟಿನ ಕಡೆ ಬರದಂತೆ ತಡೆಯುವುದು ಆ ಶೀಟೇ. ಬಾಗಿಲ ತಳದ ತೂತುಗಳಿಗೂ ಒಂದು ಕಡ್ಡಿ ಹಾಕಿ ನೋಡಿ, ಕಸ ಕಟ್ಟಿಕೊಂಡಿರುತ್ತದೆ. ಗ್ಲಾಸ್ ಏರಿಸಿ ಇಳಿಸುವ ವಿಂಡೋ ಮಿಷನ್ನಿನ ಕಬ್ಬಿಣದ ಹಳಿಯಲ್ಲಿ ಹಳೆ ಗ್ರೀಸ್ ಗಟ್ಟಿಯಾಗಿದ್ದರೆ ಒರೆಸಿ, ಬಿಳಿ ಲಿಥಿಯಂ ಗ್ರೀಸ್ ತೆಳುವಾಗಿ ಹಚ್ಚಿ. ಗ್ರೀಸಿಗೆ ಜಾಗ ಅಲ್ಲಿ.

ಇಷ್ಟೆಲ್ಲ ಆಗಿ, ಕನೆಕ್ಟರಿನಲ್ಲಿ ವೋಲ್ಟೇಜ್ ಸರಿ ಇದ್ದು, ಗ್ಲಾಸ್ ಕೈಗೆ ಹಗುರಾಗಿದ್ದೂ ತೆವಳಿದರೆ ಆಗ ಮೋಟರ್ ತಗೊಳ್ಳಿ. ಎಡಕ್ಕೂ ಬಲಕ್ಕೂ ಬೇರೆ ಬೇರೆ ಬರುತ್ತದೆ, ಹಳೆಯದನ್ನು ಜೊತೆಗೇ ಒಯ್ಯಿರಿ. ಕತ್ತರಿ ಥರದ ಮಿಷನ್ ಆದರೆ ಅದರಲ್ಲಿ ಬಿಗಿದ ಸ್ಪ್ರಿಂಗ್ ಇರುತ್ತದೆ. ಮೋಟರ್ ಬಿಚ್ಚಿದ ತಕ್ಷಣ ತೋಳು ಚಿಮ್ಮಿ ಕೈಗೆ ಹೊಡೆಯುತ್ತದೆ. ಆ ಕೆಲಸ ಮಾತ್ರ ಗ್ಯಾರೇಜಿನವರಿಗೇ ಬಿಡಿ.