ನಾಯಿಯ ಕಣ್ಣು, ಮೇಕೆಯ ಕಣ್ಣು

ಪ್ರಶ್ನೆ: ಅಕ್ರಿಲಿಕ್‌ನಲ್ಲಿ ನಮ್ಮ ನಾಯಿಯ ಚಿತ್ರ ಬರೆಯುತ್ತಿದ್ದೇನೆ. ಕೂದಲು, ಮೂಗು ಚೆನ್ನಾಗಿ ಬಂದಿವೆ. ಕಣ್ಣು ಮಾತ್ರ ಅಂಗಿಗೆ ಹೊಲಿದ ಗುಂಡಿಯ ಹಾಗೆ ಕಾಣುತ್ತದೆ. ಹೊಳಪಿನ ಬಿಳಿ ಚುಕ್ಕೆಯನ್ನು ದೊಡ್ಡದು ಮಾಡಿ ನೋಡಿದೆ, ಇನ್ನೂ ಕೆಟ್ಟಿತು. ಏನು ಮಾಡಲಿ?

ಉತ್ತರ: ಬಿಳಿ ಚುಕ್ಕೆಯನ್ನು ಸದ್ಯಕ್ಕೆ ಮರೆತುಬಿಡಿ, ಅದು ಕಟ್ಟಕಡೆಯ ಕೆಲಸ. ಮೊದಲು ನೆರಳು ಹಾಕಿ.

ಕಣ್ಣುಗುಡ್ಡೆ ಉರುಟು. ಮೇಲಿನ ರೆಪ್ಪೆ ಅದರ ಮೇಲೆ ಸ್ವಲ್ಪ ಮುಂದಕ್ಕೆ ಚಾಚಿರುತ್ತದೆ. ಬೆಳಕು ಮೇಲಿಂದ ಬಿದ್ದರೆ ರೆಪ್ಪೆಯ ನೆರಳು ಕಂದು ಭಾಗದ ಮೇಲಂಚಿನ ಮೇಲೆ ಬಿದ್ದೇ ಬೀಳುತ್ತದೆ. ಅಲ್ಲಿ ಗಾಢವಾಗಿ ಶುರುಮಾಡಿ, ಕೆಳಗೆ ಬರುತ್ತಾ ತಿಳಿ ಮಾಡಿ. ಇನ್ನೊಂದು ವಿಷಯ ತುಂಬಾ ಜನ ಗಮನಿಸುವುದಿಲ್ಲ. ಬೆಳಕು ಎಡಗಡೆ ಮೇಲಿಂದ ಬಂದರೆ ಹೊಳಪು ಎಡಗಡೆ ಮೇಲೇ ಕಾಣುತ್ತದೆ. ಆದರೆ ಕಣ್ಣಿನ ಒಳಗೆ ಹೊಕ್ಕ ಬೆಳಕು ಬಲಗಡೆ ಕೆಳಗೆ ಕಂದು ಬಣ್ಣವನ್ನು ಬೆಳಗಿಸುತ್ತದೆ. ಬರ್ನ್ಟ್ ಸಿಯೆನ್ನಾ ಅನ್ನುವ ಕೆಂಗಂದು ಬಣ್ಣವನ್ನು ನೀರಾಗಿ ಕಲಸಿ, ಆ ಜಾಗದಲ್ಲಿ ಒಂದರ ಮೇಲೊಂದು ತೆಳು ಪದರ ಕೊಡಿ. ಒಂದು ಪದರ ಪೂರ್ತಿ ಒಣಗಿದ ಮೇಲೇ ಇನ್ನೊಂದು. ಕಣ್ಣಿಗೆ ಆಳ ಬರುವುದು ಇಲ್ಲೇ. ಸುಮ್ನೆ ಅವಸರ ಮಾಡಬೇಡಿ.

ಪಾಪೆಗೆ ಟ್ಯೂಬಿನ ಕಪ್ಪು ನನಗಂತೂ ಇಷ್ಟವಿಲ್ಲ, ತೂತಿನ ಹಾಗೆ ಕಾಣುತ್ತದೆ. ಬರ್ನ್ಟ್ ಅಂಬರ್ ಅನ್ನುವ ಗಾಢ ಕಂದಿಗೆ ಅಲ್ಟ್ರಾಮರೀನ್ ನೀಲಿ ಬೆರೆಸಿ, ಜೀವವಿರುವ ಕಪ್ಪು ಸಿಗುತ್ತದೆ. ಪಾಪೆಯ ಅಂಚನ್ನು ಹಸಿಯಿರುವಾಗಲೇ ಬ್ರಶ್ಶಿನಿಂದ ಸ್ವಲ್ಪ ಮೆದು ಮಾಡಿ. ನಾಯಿ ನೇರ ನೋಡುವಾಗ ಕಣ್ಣಿನ ಬಿಳಿ ಹೆಚ್ಚು ಕಾಣುವುದಿಲ್ಲ. ಮನುಷ್ಯರಿಗೆ ಹಾಕುವಷ್ಟು ಬಿಳಿ ಹಾಕಿದರೆ ಪಾಪ, ಅದು ಹೆದರಿದ ಹಾಗೆ ಕಾಣುತ್ತದೆ. ಕೆಳರೆಪ್ಪೆಯ ಒಳಅಂಚಿನಲ್ಲಿ ನೀರು ನಿಂತಿರುತ್ತದೆ ಅಲ್ವಾ, ಅಲ್ಲೊಂದು ಸಣ್ಣ ಬೂದು ಗೆರೆ ಎಳೆಯಿರಿ.

ಈಗ ಹೊಳಪು. ಹೊರಗಿನ ದೃಶ್ಯವಾದರೆ ಬಿಳಿಗೆ ಚೂರು ನೀಲಿ ಸೇರಿಸಿ, ಯಾಕೆಂದರೆ ಅಲ್ಲಿ ಕಾಣುವುದು ಆಕಾಶದ ಬಿಂಬ. ಪಾಪೆಯ ನಟ್ಟನಡುವೆ ಇಡಬೇಡಿ. ಅಂಚಿನ ಮೇಲೆ, ಅರ್ಧ ಕಪ್ಪಿಗೆ ಅರ್ಧ ಕಂದಿಗೆ ತಾಗುವಂತೆ ಇಡಿ. ಎರಡೂ ಕಣ್ಣಿನಲ್ಲಿ ಅದು ಒಂದೇ ಕಡೆ ಇರಬೇಕು. ನಾನು ಚಿತ್ರವನ್ನು ತಲೆಕೆಳಗು ಮಾಡಿ ಇದನ್ನು ನೋಡಿಕೊಳ್ಳುತ್ತೇನೆ, ತಪ್ಪಿದ್ದರೆ ತಕ್ಷಣ ಕಣ್ಣಿಗೆ ಬೀಳುತ್ತದೆ.

ಪ್ರಶ್ನೆ: ಮೇಕೆಯ ಪಾಪೆ ಅಡ್ಡಕ್ಕಿರುತ್ತದೆ ಅಂತ ಗೊತ್ತು. ತಲೆ ಬಗ್ಗಿಸಿ ಮೇಯುವಾಗ ಪಾಪೆಯನ್ನೂ ತಲೆಯ ಜೊತೆ ಓರೆ ಮಾಡಬೇಕಾ?

ಉತ್ತರ: ಬೇಡ. ಮೇಕೆ ತಲೆ ಬಗ್ಗಿಸಿದಾಗ ಕಣ್ಣುಗುಡ್ಡೆಯೇ ಒಳಗೆ ತಿರುಗಿಕೊಳ್ಳುತ್ತದೆ. ಪಾಪೆ ಹೆಚ್ಚುಕಡಿಮೆ ನೆಲಕ್ಕೆ ಸಮನಾಗಿಯೇ ಉಳಿಯುತ್ತದೆ. ಕುರಿ, ಕುದುರೆಗಳಲ್ಲೂ ಹೀಗೇ. ಮೇಯುತ್ತಲೇ ಸುತ್ತಲೂ ಕಣ್ಣಿಡಬೇಕಾದ ಪ್ರಾಣಿಗಳು ಇವು.

ಬೆಕ್ಕಿನ ಪಾಪೆ ಉದ್ದಕ್ಕೆ ಸೀಳಿದಂತಿರುತ್ತದೆ, ಕತ್ತಲಾದಂತೆ ಅಗಲವಾಗಿ ದುಂಡಗಾಗುತ್ತದೆ. ಹಾಗಾಗಿ ಚಿತ್ರದಲ್ಲಿ ಬೆಳಕು ಎಷ್ಟು ಅಂತ ಮೊದಲೇ ತೀರ್ಮಾನಿಸಿ. ಹುಲಿ, ಸಿಂಹಗಳಿಗೆ ಮಾತ್ರ ದುಂಡು ಪಾಪೆಯೇ. ಹುಲಿಗೆ ಬೆಕ್ಕಿನ ಸೀಳುಪಾಪೆ ಬರೆದ ಚಿತ್ರಗಳು ನನಗೆ ಜಾಸ್ತಿ ಬರುತ್ತವೆ, ದಯವಿಟ್ಟು ಹಾಗೆ ಮಾಡಬೇಡಿ.