ಗೆಳೆಯರಿಗೆ ಯುದ್ಧಗಳ ಇತಿಹಾಸದ ಮೇಲೆ ಕ್ವಿಜ್ ಮಾಡಬೇಕು. ಪ್ರಶ್ನೆಗಳು ಹೇಗಿದ್ದರೆ ಎಲ್ಲರೂ ಆಡುತ್ತಾರೆ?

ನೀವು ಬರೆದದ್ದು ಓದಿದೆ. ಗೆಳೆಯರನ್ನು ಮನೆಗೆ ಕರೆದು ಮಿಲಿಟರಿ ಇತಿಹಾಸದ ಕ್ವಿಜ್ ಇಟ್ಟಿರಿ, ಒಬ್ಬರೇ ಎಲ್ಲಕ್ಕೂ ಉತ್ತರ ಹೇಳಿದರು, ಉಳಿದವರು ಅರ್ಧಕ್ಕೇ ಮೊಬೈಲ್ ಹಿಡಿದರು, ಮುಂದಿನ ಸಲ ಏನು ಮಾಡಲಿ ಅಂತ ಕೇಳಿದ್ದೀರಿ. ನಾವು ಏಳು ಜನ ಆರು ವರ್ಷದಿಂದ ಬನಶಂಕರಿಯಲ್ಲಿ ಒಬ್ಬ ಗೆಳೆಯನ ಮನೆ ಮಹಡಿಯ ಮೇಲೆ ತಿಂಗಳಿಗೊಮ್ಮೆ ಇದನ್ನೇ ಮಾಡುತ್ತಿದ್ದೇವೆ. ಮೊದಲ ವರ್ಷ ನಮ್ಮಲ್ಲೂ ಇದೇ ಆಗಿತ್ತು.

ಆಗ ನಾನು ಕೇಳುತ್ತಿದ್ದುದೆಲ್ಲ ಇಸವಿಗಳು. ರಕ್ಕಸತಂಗಡಿ ಕದನ ಯಾವಾಗ? 1565. ಟಿಪ್ಪು ಸತ್ತದ್ದು? 1799. ಗೊತ್ತಿದ್ದರೆ ಗೊತ್ತು, ಇಲ್ಲದಿದ್ದರೆ ಇಲ್ಲ. ಗೊತ್ತಿಲ್ಲದವನು ತಲೆ ಕೆರೆದುಕೊಂಡು ಯೋಚಿಸುವುದಕ್ಕೆ ಅಂಥ ಪ್ರಶ್ನೆಯಲ್ಲಿ ಜಾಗವೇ ಇರುವುದಿಲ್ಲ. ಅವನು ಮೊಬೈಲ್ ತೆಗೆದರೆ ತಪ್ಪು ಅವನದಲ್ಲ.

ನಮ್ಮಲ್ಲಿ ಆಟ ಬದಲಾದದ್ದು ಒಂದೇ ಪ್ರಶ್ನೆಯಿಂದ. ಗೆಳೆಯನೊಬ್ಬನಿಗೆ ಚಿಕ್ಕಪೇಟೆಯಲ್ಲಿ ಬಟ್ಟೆ ಅಂಗಡಿ. ಇತಿಹಾಸ ಅಂದರೆ ಅವನಿಗೆ ಅಷ್ಟಕ್ಕಷ್ಟೆ. ಅವನ ಕಡೆ ನೋಡಿಕೊಂಡೇ ಕೇಳಿದೆ: "ತಾರಾಮಂಡಲಪೇಟೆಗೆ ಆ ಹೆಸರು ಯಾಕೆ ಬಂತು? ಯುದ್ಧಕ್ಕೂ ದೀಪಾವಳಿಗೂ ಎರಡಕ್ಕೂ ಸಂಬಂಧ ಇದೆ." ದಿನಾ ಸ್ಕೂಟರ್‌ನಲ್ಲಿ ಆ ಗಲ್ಲಿ ದಾಟುವವನು ಅವನು. ಬೆನ್ನು ನೆಟ್ಟಗಾಯಿತು. "ಪಟಾಕಿ ಮಾರ್ತಿದ್ರಾ?" ಅಂದ. ಇನ್ನೊಬ್ಬ "ಯುದ್ಧದಲ್ಲಿ ಪಟಾಕಿ ಏನು ಮಾಡ್ತಾರೆ ಮಗಾ" ಅಂದ. ಒಂದು ನಿಮಿಷ ಸುಮ್ಮನೆ ಕೂತಿದ್ದ ಅಂಗಡಿ ಗೆಳೆಯ ಎದ್ದು ನಿಂತು, "ರಾಕೆಟ್ಟು! ಟಿಪ್ಪು ರಾಕೆಟ್ಟು!" ಅಂತ ಕೂಗಿದ. ಆವತ್ತು ಅವನ ಮುಖ ನೋಡಬೇಕಿತ್ತು ನೀವು.

ಮೈಸೂರು ಸೈನ್ಯಕ್ಕೆ ರಾಕೆಟ್ ತಯಾರಾಗುತ್ತಿದ್ದ ಜಾಗಗಳಿಗೆ ತಾರಾಮಂಡಲಪೇಟೆ ಅನ್ನುತ್ತಿದ್ದರು. ಬೆಂಗಳೂರಿನದು ಅದರಲ್ಲಿ ಒಂದು. ಅಷ್ಟಕ್ಕೇ ಬಿಡದೆ ಮುಂದಿನ ಪ್ರಶ್ನೆ ಕೇಳಿದೆ: ಆ ಕಾಲದ ಬೇರೆ ರಾಕೆಟ್‌ಗಳಿಗಿಂತ ಮೈಸೂರಿನವು ಹೆಚ್ಚು ದೂರ ಹೋಗುತ್ತಿದ್ದುದು ಯಾಕೆ? ಈ ಸಲ ಉತ್ತರ ಬಂದದ್ದು ಪೀಣ್ಯದ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ಮೆಕ್ಯಾನಿಕಲ್ ಇಂಜಿನಿಯರ್ ಗೆಳೆಯನಿಂದ. "ಕೊಳವೆ ಕಬ್ಬಿಣದ್ದು ಇರ್ಬೇಕು. ಬಿದಿರು, ಕಾಗದ ಆದ್ರೆ ಒತ್ತಡಕ್ಕೆ ಸೀಳಿ ಹೋಗುತ್ತೆ. ಕಬ್ಬಿಣ ಆದ್ರೆ ಮದ್ದು ಗಟ್ಟಿಯಾಗಿ ತುಂಬಬಹುದು." ಪೂರ್ತಿ ಸರಿ. ಒಂದು ಪುಟ ಇತಿಹಾಸ ಓದದೆ ಹೇಳಿದ. 1780ರ ಪೊಳ್ಳಿಲೂರು ಕದನದಲ್ಲಿ ಇಂಥ ರಾಕೆಟ್‌ಗಳು ಬ್ರಿಟಿಷರ ಮದ್ದಿನ ಬಂಡಿಗಳಿಗೆ ಬೆಂಕಿ ಹತ್ತಿಸಿದ್ದು, ಆ ಕದನದ ಚಿತ್ರ ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಗೋಡೆಯ ಮೇಲೆ ಇವತ್ತಿಗೂ ಇರುವುದು, 2018ರಲ್ಲಿ ಹೊಸನಗರ ತಾಲ್ಲೂಕಿನ ನಗರ ಅನ್ನುವ ಊರಿನ ಹಾಳುಬಾವಿಯೊಂದರಿಂದ ಸಾವಿರಕ್ಕೂ ಹೆಚ್ಚು ರಾಕೆಟ್ ಸಿಕ್ಕಿದ್ದು, ಎಲ್ಲ ಅದರ ಹಿಂದೆಯೇ ಬಂತು. ಹತ್ತು ಗಂಟೆಗೆ ಏಳಬೇಕಾದವರು ಹನ್ನೊಂದೂವರೆಗೆ ಎದ್ದೆವು.

ಅಲ್ಲಿಂದ ನಾನು ಪ್ರಶ್ನೆ ಮಾಡುವಾಗ ಮೊದಲು ನೋಡುವುದು ಇದನ್ನೇ: ಯುದ್ಧದ ಬಗ್ಗೆ ಏನೂ ಓದದ ಗೆಳೆಯ ತಾನು ಕಂಡದ್ದರಿಂದ, ತನ್ನ ಕಸುಬಿನಿಂದ ಉತ್ತರದ ಹತ್ತಿರ ಬರಬಹುದಾ? ಬರಬಹುದಾದರೆ ಪ್ರಶ್ನೆ ಉಳಿಯುತ್ತದೆ. ಇಲ್ಲದಿದ್ದರೆ ಎಷ್ಟೇ ಅಪರೂಪದ ಮಾಹಿತಿ ಆಗಿರಲಿ, ತೆಗೆದುಬಿಡುತ್ತೇನೆ. "ಯಾವಾಗ" ಬಿಟ್ಟು "ಹೇಗೆ", "ಯಾಕೆ" ಹಿಡಿಯಿರಿ. 1948ರ ನವೆಂಬರ್ 1ರಂದು ಜನರಲ್ ತಿಮ್ಮಯ್ಯ ಕಾಶ್ಮೀರದ ಜೋಜಿಲಾ ಕಣಿವೆಗೆ ಟ್ಯಾಂಕ್ ನುಗ್ಗಿಸಿದರು ಅನ್ನುವುದನ್ನು ಇಸವಿ ಕೇಳಿ ಹಾಳು ಮಾಡಬೇಡಿ. "ಶತ್ರುವಿಗೆ ಸುಳಿವು ಸಿಗದ ಹಾಗೆ ಟ್ಯಾಂಕ್‌ಗಳನ್ನು ಶ್ರೀನಗರಕ್ಕೆ ತರಬೇಕು, ದಾರಿಯ ಸೇತುವೆಗಳು ಬಡಕಲು, ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?" ಅಂತ ಕೇಳಿ. ಟ್ಯಾಂಕ್ ಮೇಲಿನ ಫಿರಂಗಿ ಗೋಪುರ ಬಿಚ್ಚಿ ತಂದರು ಅನ್ನುವ ಉತ್ತರಕ್ಕೆ ನಮ್ಮಲ್ಲಿ ಇಬ್ಬರು ತಾವಾಗಿಯೇ ಬಂದರು. ಕಣಿವೆಯ ಬುಡದ ಬಾಲ್ತಾಲ್‌ನಿಂದ ಮೇಲೆ ಹೇಸರಗತ್ತೆ ಹೋಗುವ ದಾರಿಯನ್ನು ಟ್ಯಾಂಕ್ ಹೋಗುವ ಹಾಗೆ ಮಾಡಿಕೊಟ್ಟವರು ಸೈನ್ಯದ ಇಂಜಿನಿಯರ್ ಪಡೆಯಾದ ಮದ್ರಾಸ್ ಸ್ಯಾಪರ್ಸ್, ಅಂದರೆ ಹಲಸೂರು ಕೆರೆ ಪಕ್ಕದಲ್ಲಿ ನಾವು ದಿನಾ ನೋಡುವ ಕೇಂದ್ರದವರೇ ಅಂದಾಗ ಎಲ್ಲರೂ ಒಂದು ಕ್ಷಣ ಸುಮ್ಮನಾದರು.

ನನಗೆ ಎಲ್ಲಕ್ಕಿಂತ ಪ್ರಿಯವಾದ ಪ್ರಶ್ನೆ ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ಅವರದು. 1965ರ ಸೆಪ್ಟೆಂಬರ್ 7ರ ಬೆಳಗ್ಗೆ ಪಂಜಾಬಿನ ಆದಂಪುರದಿಂದ ನಮ್ಮ ಮಿಸ್ಟೀರ್ ಯುದ್ಧವಿಮಾನಗಳು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೊರಟವು. ದೇವಯ್ಯ ಇದ್ದದ್ದು ಸ್ಟ್ಯಾಂಡ್‌ಬೈ ಆಗಿ, ಯಾರಾದರೂ ಹಿಂದೆ ಸರಿದರೆ ಮಾತ್ರ ಹೋಗಬೇಕಾದವರು. ಹೋದರು, ಮರಳಲಿಲ್ಲ. ಅವರಿಗೆ ಮಹಾವೀರ ಚಕ್ರ ಬಂದದ್ದು 1988ರಲ್ಲಿ. ಪ್ರಶ್ನೆ ಇಷ್ಟೇ: 23 ವರ್ಷ ಯಾಕೆ ಬೇಕಾಯಿತು?

ಇದನ್ನು ಕೇಳಿದ ಮೇಲೆ ಅವಸರ ಮಾಡಬೇಡಿ. ಕಡತ ಕಳೆದಿತ್ತು, ರಾಜಕೀಯ ಅಡ್ಡ ಬಂತು ಅಂತ ಮೊದಲು ಹೇಳುತ್ತಾರೆ. ಆಮೇಲೆ ಯಾರಾದರೊಬ್ಬರು ನಿಧಾನಕ್ಕೆ, "ನೋಡಿದವರು ಯಾರೂ ಇರಲಿಲ್ವೇನೋ" ಅನ್ನುತ್ತಾರೆ. ಅದೇ ಉತ್ತರ. ಜೊತೆಗೆ ಹೋದವರಿಗೆ ಅವರು ಏನಾದರೆಂದು ಗೊತ್ತೇ ಆಗಲಿಲ್ಲ. ದೇವಯ್ಯ ತಮ್ಮ ವಿಮಾನಕ್ಕಿಂತ ಎಷ್ಟೋ ವೇಗದ ಪಾಕಿಸ್ತಾನದ ಸ್ಟಾರ್‌ಫೈಟರ್ ವಿಮಾನದ ಜೊತೆ ಸೆಣಸಿ, ಅದನ್ನು ಹೊಡೆದು ಉರುಳಿಸಿ, ತಾವೂ ಪ್ರಾಣ ಬಿಟ್ಟಿದ್ದರು. ಅದನ್ನು ಕಂಡವರು ಆಚೆ ಕಡೆಯವರು. ಪಾಕಿಸ್ತಾನದ ಕಡೆಯ ವಿವರ ಪುಸ್ತಕವಾಗಿ ಹೊರಗೆ ಬಂದ ಮೇಲೆಯೇ ನಮ್ಮವರಿಗೆ ವಿಷಯ ಸ್ಪಷ್ಟವಾಯಿತು. ಒಬ್ಬ ಯೋಧನ ಸಾಹಸಕ್ಕೆ ಶತ್ರುವೇ ಸಾಕ್ಷಿ. ಆ ರಾತ್ರಿ ನಮ್ಮ ಮಹಡಿಯಲ್ಲಿ ಅಂಕ ಬರೆಯುವವನು ಪೆನ್ನು ಕೆಳಗಿಟ್ಟಿದ್ದ.

ಒಂದು ಎಚ್ಚರಿಕೆಯನ್ನೂ ಹೇಳಬೇಕು, ಇದು ನನಗೆ ತಾಗಿದ್ದು. ಮೂರನೇ ವರ್ಷ ಒಮ್ಮೆ ಕೇಳಿದೆ: "1971ರ ಡಿಸೆಂಬರ್ 16ರಂದು ಢಾಕಾದಲ್ಲಿ ಪಾಕಿಸ್ತಾನದ ಎಷ್ಟು ಸೈನಿಕರು ಶರಣಾದರು?" ನಾಲ್ಕು ಜನ ಒಟ್ಟಿಗೇ "93 ಸಾವಿರ" ಅಂದರು, ನಾನು ಸರಿ ಅಂದೆ. ಮನೆಯ ಗೆಳೆಯನ ತಂದೆ ಮೂಲೆಯ ಕುರ್ಚಿಯಲ್ಲಿ ಕೂತಿದ್ದರು. ಸೈನ್ಯದಲ್ಲಿ ಸುಬೇದಾರ್ ಆಗಿ ನಿವೃತ್ತರಾದವರು, ಕ್ವಿಜ್ ನಡುವೆ ಯಾವತ್ತೂ ಬಾಯಿ ಹಾಕುವವರಲ್ಲ. ಆವತ್ತು ಕಾಫಿ ಲೋಟ ಕಿಟಕಿ ಮೇಲಿಟ್ಟು, "ಅಷ್ಟೂ ಸೈನಿಕರಲ್ಲಪ್ಪ. ಅದರಲ್ಲಿ ಸಿವಿಲ್ ಜನ ಇದ್ರು, ಸಂಸಾರಸ್ಥರು ಇದ್ರು. ರೈಲಿಗೆ ಹತ್ತಿಸುವಾಗ ಮಕ್ಕಳನ್ನ ನಾನೇ ಎತ್ತಿ ಕೊಟ್ಟಿದೀನಿ" ಅಂದರು. ಅವರು ಹೇಳಿದ್ದೇ ನಿಜ. 93 ಸಾವಿರ ಅನ್ನುವ ಲೆಕ್ಕದಲ್ಲಿ ಸೈನಿಕರ ಜೊತೆ ಅರೆಸೈನಿಕ ಪಡೆಯವರು, ಸೈನ್ಯಕ್ಕೆ ಸೇರದವರು ಎಲ್ಲ ಇದ್ದಾರೆ. "ಕ್ಷಮಿಸಿ ಅಂಕಲ್" ಅಂದೆ. ನೂರು ಕಡೆ ಓದಿದ್ದ ಸಾಲನ್ನು ಒಮ್ಮೆಯೂ ಪರೀಕ್ಷೆ ಮಾಡಿರಲಿಲ್ಲ.

ಆಮೇಲಿಂದ ಅಂಕಿ ಇರುವ ಪ್ರಶ್ನೆಯನ್ನು ಕನಿಷ್ಠ ಎರಡು ಬೇರೆ ಬೇರೆ ಕಡೆ ನೋಡದೆ ಕೇಳುವುದಿಲ್ಲ. ಎರಡು ದೇಶಗಳು ಎರಡು ಲೆಕ್ಕ ಹೇಳುವ ಕಡೆ ಅಂಕಿಯನ್ನೇ ಬಿಡುತ್ತೇನೆ. ಸತ್ತವರ ಸಂಖ್ಯೆಯನ್ನು ಅಂಕ ಗಿಟ್ಟಿಸುವ ಪ್ರಶ್ನೆಯಾಗಿ ಕೇಳುವುದನ್ನು ಪೂರ್ತಿ ನಿಲ್ಲಿಸಿದ್ದೇನೆ. ಯಾರದೋ ಮನೆಯವರು ಅವರು.

ಉಳಿದದ್ದು ಸಣ್ಣಪುಟ್ಟದ್ದು. ಹನ್ನೆರಡು ಪ್ರಶ್ನೆ ಸಾಕು. ಚೀಟಿ ಎತ್ತಿ ಜೋಡಿ ಮಾಡಿ. ಎಲ್ಲ ಗೊತ್ತಿರುವ ಆ ಗೆಳೆಯರಿಗೆ ಮುಂದಿನ ತಿಂಗಳ ಪ್ರಶ್ನೆ ತಯಾರಿಸುವ ಕೆಲಸ ಕೊಟ್ಟುಬಿಡಿ, ಅವರಿಗೂ ಖುಷಿ, ಉಳಿದವರಿಗೂ ಬಾಯಿ ಬಿಡಲು ಅವಕಾಶ. ಬೆಂಗಳೂರಿನಲ್ಲಿ ಇದ್ದುಕೊಂಡು ವಸ್ತುವಿಗೆ ಬರ ಇಲ್ಲ. ಸುರಂಜನದಾಸ್ ರಸ್ತೆಯ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡವರಿಗೆ ಲೆಕ್ಕವಿಲ್ಲ. 1961ರಲ್ಲಿ ಇಲ್ಲೇ ಎಚ್‌ಎಎಲ್‌ನ ಮಾರುತ್ ಯುದ್ಧವಿಮಾನವನ್ನು ಮೊದಲ ಸಲ ಹಾರಿಸಿದ ಪೈಲಟ್ ಹೆಸರೇ ಆ ರಸ್ತೆಗೆ ಇರುವುದು ಅಂತ ಗೊತ್ತಿರುವವರು ನಮ್ಮ ಏಳು ಜನರಲ್ಲಿ ಒಬ್ಬರೂ ಇರಲಿಲ್ಲ.

ಮೊದಲ ಪ್ರಶ್ನೆಯಾಗಿ ಇದನ್ನು ಕೇಳಿ: ಬೆಂಗಳೂರು ಅನ್ನುವ ಹೆಸರು ನಮಗೆ ಸಿಕ್ಕಿರುವ ಅತಿ ಹಳೆಯ ಬರಹ ಯಾವುದರ ಬಗ್ಗೆ? ದಾನದ ಶಾಸನ, ಊರು ಕಟ್ಟಿದ್ದು, ಬೆಂದಕಾಳು ಅಂತೆಲ್ಲ ಹೇಳುತ್ತಾರೆ. ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿರುವ ಸುಮಾರು ಕ್ರಿ.ಶ. 890ರ ಆ ಕಲ್ಲಿನ ಮೇಲಿರುವುದು ಬೆಂಗಳೂರು ಕಾಳಗದಲ್ಲಿ ಸತ್ತ ಒಬ್ಬನ ಸುದ್ದಿ. ನಾವು ಅದನ್ನು ಕೇಳಿದ ಮುಂದಿನ ಭಾನುವಾರ ಚಿಕ್ಕಪೇಟೆಯ ಗೆಳೆಯ ಅಂಗಡಿಗೆ ತಮ್ಮನನ್ನು ಕೂರಿಸಿ, ನಾಲ್ಕು ಜನರನ್ನು ಕಾರಿಗೆ ತುಂಬಿಕೊಂಡು ಬೇಗೂರಿಗೆ ಕರೆದುಕೊಂಡು ಹೋದ. ಆ ಹಳಗನ್ನಡ ಅಕ್ಷರ ಓದಲು ನಮಗ್ಯಾರಿಗೂ ಬರಲಿಲ್ಲ. ಬಿಸಿಲು ಏರುವ ತನಕ ಅದರ ಮುಂದೆ ಕೂತಿದ್ದು ಬಂದೆವು.