ದಿಂಬಿನಡಿಯ ರೊಟ್ಟಿ

ಪ್ರಶ್ನೆ: ತೀರ್ಥಹಳ್ಳಿ ಕಡೆಯ ಹಳ್ಳಿಯವಳು ನಾನು, ವಯಸ್ಸು 43. ಮಕ್ಕಳಿಲ್ಲ. ಹತ್ತು ತಿಂಗಳ ಹಿಂದೆ ಮಕ್ಕಳ ಕಲ್ಯಾಣ ಸಮಿತಿಯ ಮೂಲಕ ಏಳು ವರ್ಷದ ಹುಡುಗನನ್ನು ಸಾಕಲು ಕರೆತಂದೆವು. ದತ್ತು ಅಲ್ಲ, ಫಾಸ್ಟರ್ ಕೇರ್. ಮಾತು ಸ್ಪಷ್ಟವಿಲ್ಲ, ಕಲಿಕೆಯಲ್ಲಿ ಹಿಂದೆ, ರಾತ್ರಿ ಹಾಸಿಗೆ ಒದ್ದೆ ಮಾಡುತ್ತಾನೆ. ಇಷ್ಟನ್ನು ಮೊದಲೇ ಹೇಳಿದ್ದರು. ಆದರೆ ಹೊಟ್ಟೆ ತುಂಬ ಉಂಡರೂ ದಿಂಬಿನಡಿ ರೊಟ್ಟಿ ಬಚ್ಚಿಡುತ್ತಾನೆ. ಇರುವೆ ಮುತ್ತಿತೆಂದು ಅತ್ತೆ ಅದನ್ನು ಬಿಸಾಡಿದ ದಿನ ಕಚ್ಚಿದ್ದು ನನ್ನ ಕೈಯನ್ನು. ಅಡಿಕೆ ಕೊನೆ ತೆಗೆಯಲು ಬಂದ ಕೆಲಸದವರ ತೊಡೆ ಏರಿ ‘ನಿಮ್ಮನೆಗೆ ಬರ್ತೀನಿ’ ಅನ್ನುತ್ತಾನೆ, ನಾನು ಮುಟ್ಟಿದರೆ ಸೆಟೆದುಕೊಳ್ಳುತ್ತಾನೆ. ಒಮ್ಮೆ ಸಿಟ್ಟು ತಡೆಯದೆ ಬಚ್ಚಲುಮನೆಯಲ್ಲಿ ಕೂಡಿಹಾಕಿದೆ. ಅವತ್ತಿನಿಂದ ನನಗೆ ನಾನೇ ಅಸಹ್ಯ. ಸಂಜೆ ನಾನು ಹಾಲು ಕರೆದು ಬರುವುದು ತಡವಾದರೆ ಹಿತ್ತಿಲ ಬಾಗಿಲಲ್ಲಿ ನಿಂತಿರುತ್ತಾನೆ, ನೋಡಿದ ಕೂಡಲೇ ಒಳಗೆ ಓಡುತ್ತಾನೆ. ಯಜಮಾನರು ‘ವಾಪಸ್ ಬಿಟ್ಟು ಬರೋಣ’ ಅನ್ನುತ್ತಿದ್ದಾರೆ. ನಿಜ ಹೇಳಬೇಕೆಂದರೆ ನನಗೂ ಅವನ ಮೇಲೆ ಪ್ರೀತಿ ಹುಟ್ಟಿಲ್ಲ. ಏನು ಮಾಡಲಿ?

ಉತ್ತರ: ಮೊದಲು ಬಚ್ಚಲುಮನೆಯ ವಿಷಯ ಮುಗಿಸೋಣ. ಅದು ತಪ್ಪು, ಇನ್ನೊಮ್ಮೆ ಆಗಬಾರದು. ಒಮ್ಮೆ ಕೈಬಿಟ್ಟುಹೋದ ಮಗುವಿಗೆ ಹಾಕಿದ ಬಾಗಿಲೆಂದರೆ ‘ಮತ್ತೆ ಬಿಟ್ಟರು’ ಎಂದೇ ಅರ್ಥ. ಅವನ ಪಕ್ಕ ಕೂತು ‘ಅವತ್ತು ನಾ ಮಾಡಿದ್ದು ತಪ್ಪು, ಇನ್ನು ಬಾಗಿಲು ಹಾಕಲ್ಲ’ ಅನ್ನಿ. ಅವನು ಏನೂ ಹೇಳದೆ ಎದ್ದು ಹೋದರೆ ಹೋಗಲಿ. ಆಮೇಲೆ ನಿಮ್ಮ ಅಸಹ್ಯವನ್ನೂ ಅಲ್ಲಿಗೇ ಬಿಡಿ, ಅದರಿಂದ ಅವನಿಗೆ ಕಾಸಿನ ಉಪಯೋಗವಿಲ್ಲ. ಮುಂದೆ ಕಚ್ಚಲು ಬಂದಾಗ ‘ಕಚ್ಚಬೇಡ, ನಾನು ಇಲ್ಲೇ ಇರ್ತೀನಿ’ ಎಂದಷ್ಟೇ ಹೇಳಿ ಒಂದು ಮಾರು ದೂರ ಕೂರಿ. ನಿಮಗೇ ತಡೆಯಲಾಗದಿದ್ದರೆ ಯಜಮಾನರನ್ನು ಕರೆದು ಅಂಗಳದಲ್ಲಿ ನಾಲ್ಕು ಸುತ್ತು ಹಾಕಿ ಬನ್ನಿ.

ಇನ್ನು ರೊಟ್ಟಿ. ನಿಮ್ಮ ಅತ್ತೆಯವರನ್ನೇ ಕೇಳಿ ನೋಡಿ, ಬೇಸಿಗೆಯಲ್ಲಿ ಹಲಸಿನ ಹಪ್ಪಳ ಮಾಡಿ, ಮಿಡಿ ಉಪ್ಪಿನಕಾಯಿ ಜಾಡಿಗೆ ಹಾಕಿ, ಸೌದೆ ಒಟ್ಟಿ ಇಡುವುದು ಯಾಕೆ ಅಂತ. ಜಡಿಮಳೆ ಹಿಡಿದರೆ ಏನೂ ಸಿಗದು ಎಂದು ಕಂಡವರು ಅವರು. ಈ ಹುಡುಗನೂ ಅಂಥದೊಂದು ಮಳೆಗಾಲ ಕಂಡು ಬಂದಿದ್ದಾನೆ. ಅವನ ಲೆಕ್ಕದಲ್ಲಿ ಅತ್ತೆ ಬಿಸಾಡಿದ್ದು ಅವನ ಕಣಜವನ್ನು. ಒಂದು ಮುಚ್ಚಳದ ಸ್ಟೀಲ್ ಡಬ್ಬ ಅವನದೇ ಅಂತ ಕೊಡಿ. ರಾತ್ರಿ ಮಲಗುವ ಮುಂಚೆ ಅವನ ಎದುರೇ ಚಕ್ಕುಲಿಯನ್ನೋ ಹುರಿದ ಶೇಂಗಾವನ್ನೋ ತುಂಬಿ ತಲೆದೆಸೆಯಲ್ಲಿಡಿ. ಖಾಲಿಯಾದರೆ ಬೈಯದೆ ತುಂಬಿ, ತುಂಬುವ ಕೆಲಸ ಅತ್ತೆಯವರದೇ ಆದರೆ ಇನ್ನೂ ಒಳ್ಳೆಯದು. ಡಬ್ಬ ಬೆಳಿಗ್ಗೆ ಹಾಗೇ ಉಳಿಯುವ ದಿನ ಬರುತ್ತದೆ. ಯಾವಾಗ ಅಂತ ಕೇಳಬೇಡಿ, ಇದು ತಿಂಗಳುಗಳದ್ದಲ್ಲ, ವರ್ಷಗಳ ಬಾಬತ್ತು.

ಕಚ್ಚಿದ್ದು ನಿಮ್ಮನ್ನೇ ಯಾಕೆ? ಅತ್ತೆಯಿಂದ ಅವನು ಏನನ್ನೂ ಬಯಸಿರಲಿಲ್ಲ, ರೊಟ್ಟಿ ಕಾಯಬೇಕಾದವರು ನೀವಾಗಿದ್ದಿರಿ. ಹೊರಗಿನವರ ತೊಡೆ ಏರುವುದಕ್ಕೂ ಇದೇ ಕಾರಣ ಅಂತ ನನಗನ್ನಿಸುತ್ತದೆ. ಸಂಜೆ ಹೋಗಿಬಿಡುವವರಿಂದ ಕಳಕೊಳ್ಳುವುದೇನಿದೆ? ಅತ್ತಾಗ ಒಬ್ಬರೇ ಬಂದು ಎತ್ತಿಕೊಳ್ಳುತ್ತಿದ್ದರೆ ಮಗುವಿಗೆ ‘ನನ್ನವರು’ ಯಾರೆಂದು ತಿಳಿಯುತ್ತದೆ. ಕೈಗಳು ಬದಲಾಗುತ್ತಲೇ ಇದ್ದ ಮಗು ಎಲ್ಲರ ಹತ್ತಿರವೂ ಹೋಗುತ್ತದೆ, ಯಾರನ್ನೂ ನಂಬುವುದಿಲ್ಲ. ನೋಡಿದವರು ‘ಎಷ್ಟು ಬೇಗ ಹೊಂದಿಕೊಳ್ತಾನೆ’ ಎಂದು ಮೆಚ್ಚಿಕೊಂಡರೆ ಹಿಗ್ಗಬೇಡಿ, ಅದು ಅಪಾಯವೂ ಹೌದು. ಕೆಲಸದವರಿಗೆ ಹೇಳಿಡಿ: ಮಾತಾಡಿಸಲಿ, ತೊಡೆ ಮೇಲೆ ಕೂರಿಸಿಕೊಳ್ಳುವುದು ಬೇಡ, ತಿಂಡಿ ಕೊಡುವುದಿದ್ದರೆ ನಿಮ್ಮ ಕೈಗೆ ಕೊಡಲಿ.

ಮಾತು ಸ್ಪಷ್ಟವಿಲ್ಲ ಎಂದಿದ್ದೀರಿ, ಕಿವಿ ಪರೀಕ್ಷೆ ಆಗಿದೆಯೇ ಎಂದು ಬರೆದಿಲ್ಲ. ‘ಹೇಳಿದ್ದು ಕೇಳಲ್ಲ’ ಅನ್ನಿಸಿಕೊಂಡ ಮಕ್ಕಳಲ್ಲಿ ಕೆಲವರಿಗೆ ನಿಜಕ್ಕೂ ಕೇಳಿಸುತ್ತಿರುವುದಿಲ್ಲ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಕಿವಿಯನ್ನೂ ತೋರಿಸಿ, ಮನೋವೈದ್ಯರನ್ನೂ ಕಾಣಿ. ಅಷ್ಟು ಸಾಲದೆಂದರೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ ಇದೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ವಿಭಾಗವೇ ಇದೆ. ನಿಮಗೇ ಮನಸ್ಸು ಕುಸಿದ ರಾತ್ರಿ 14416ಕ್ಕೆ ಕರೆ ಮಾಡಿ, ಅದು ಟೆಲಿ-ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ದುಡ್ಡು ಕೊಡಬೇಕಿಲ್ಲ. ಒದ್ದೆ ಹಾಸಿಗೆಗೆ ಬೈಗುಳ ಮದ್ದಲ್ಲ ಎಂದು ನಿಮಗೆ ಗೊತ್ತೇ ಇರುತ್ತದೆ, ಅದನ್ನೂ ಡಾಕ್ಟರಿಗೆ ಹೇಳಿ.

ಜಿಲ್ಲಾ ಮಕ್ಕಳ ರಕ್ಷಣಾ ಘಟಕದವರಿಗೆ ಈ ಹತ್ತು ತಿಂಗಳಲ್ಲಿ ಕಷ್ಟ ಹೇಳಿಕೊಂಡಿದ್ದೀರಾ? ಹೇಳಿದರೆ ಮಗುವನ್ನು ಕಿತ್ತುಕೊಂಡಾರು, ಇಲ್ಲವೇ ‘ಕೈಲಾಗದವರು’ ಅಂದಾರು ಎಂದು ಸುಮ್ಮನಿರುವವರೇ ಹೆಚ್ಚು. ಬೆನ್ನಿಗೆ ನಿಲ್ಲುವುದೇ ಅವರ ಕೆಲಸ, ದಾಕ್ಷಿಣ್ಯ ಬೇಡ. ಮಿಷನ್ ವಾತ್ಸಲ್ಯ ಎಂಬ ಕೇಂದ್ರ ಸರ್ಕಾರದ ಮಕ್ಕಳ ರಕ್ಷಣಾ ಯೋಜನೆಯಲ್ಲಿ ಮಗುವಿಗೆಂದು ತಿಂಗಳಿಗೆ 4000 ರೂಪಾಯಿ ಇದೆ, ಬರುತ್ತಿಲ್ಲವಾದರೆ ಅದನ್ನೂ ಕೇಳಿ. ಮುಂದೆ ದತ್ತು ಮಾಡಿಕೊಳ್ಳುವ ಮನಸ್ಸಾದರೆ, 2024ರ ಫಾಸ್ಟರ್ ಕೇರ್ ಮಾರ್ಗಸೂಚಿಯ ಪ್ರಕಾರ ಎರಡು ವರ್ಷ ಸಾಕಿದ ಮೇಲೆ ಕೇಳಬಹುದು. ಆದರೆ ಮಗು ಕಾನೂನು ಪ್ರಕಾರ ದತ್ತುವಿಗೆ ಮುಕ್ತವಾಗಿರಬೇಕು. ಹಾಗಾಗಿ ‘ಯಾವತ್ತೂ ನೀನು ನಮ್ಮವನೇ’ ಎಂಬ ಮಾತನ್ನು ಈಗಲೇ ಕೊಡಬೇಡಿ. ‘ಅಮ್ಮ’ ಅನ್ನು ಅಂತ ಒತ್ತಾಯವೂ ಬೇಡ.

ಯಜಮಾನರ ಮೇಲೆ ನನಗೆ ಸಿಟ್ಟಿಲ್ಲ, ಹೆಂಡತಿ ಸವೆಯುವುದನ್ನು ನೋಡಿ ಹೇಳಿದ ಮಾತು ಅದು. ಅವರಿಗೊಂದು ಕೆಲಸ ಹಚ್ಚಿ. ದಿನಾ ಅದೇ ಹೊತ್ತಿಗೆ ಅವನನ್ನು ತೋಟಕ್ಕೆ ಕರೆದೊಯ್ದು ಬಿದ್ದ ಅಡಿಕೆ ಹೆಕ್ಕಿಸಲಿ, ಆ ಒಂದು ಗಂಟೆ ನೀವು ಮಲಗಿ. ಇಷ್ಟೆಲ್ಲ ಮಾಡಿಯೂ ಆಗದಿದ್ದರೆ ಸಮಿತಿಯ ಎದುರು ಕೂತು ಹೇಳಿ, ಅದು ಅಪರಾಧವೇನಲ್ಲ. ಆದರೆ ಅವನಿಗೆ ಮೊದಲೇ ತಿಳಿಸಿ, ಮುಂದಿನ ಮನೆಯವರಿಗೆ ಡಬ್ಬದ ವಿಷಯವನ್ನೂ ಹೇಳಿ. ಬ್ಯಾಗಿನೊಂದಿಗೆ ಜೀಪು ಹತ್ತಿಸಿ ಬಿಟ್ಟು ಬರುವುದು ಮಾತ್ರ ಬೇಡ.

ಪ್ರೀತಿ ಹುಟ್ಟಿಲ್ಲವೆಂದಿದ್ದೀರಿ. ಇಡೀ ಮಳೆಗಾಲ ಒದ್ದೆ ಬಟ್ಟೆಯನ್ನು ಹಂಡೆ ಒಲೆಯ ಮುಂದೆ ಒಣಗಿಸಿದವರು ನೀವು. ಆ ಲೆಕ್ಕ ಸದ್ಯಕ್ಕೆ ಹಾಗೇ ಇರಲಿ, ಹಿತ್ತಿಲ ಬಾಗಿಲ ವಿಷಯಕ್ಕೆ ಬರುತ್ತೇನೆ. ಅವನು ನಿಮ್ಮನ್ನು ಕಾಯುತ್ತಿದ್ದಾನೆ, ಹಾಗೆಂದು ನಿಮಗೆ ಗೊತ್ತಾಗುವುದು ಅವನಿಗೆ ಬೇಡ. ಆ ಗುಟ್ಟು ಬಿಚ್ಚಿಸಲು ಹೋಗಬೇಡಿ. ನಾಳೆಯಿಂದ ಹಾಲು ಕರೆಯುವಾಗ ಕೊಟ್ಟಿಗೆಯಿಂದಲೇ ಒಂದು ಕೂಗು ಹಾಕಿ: ‘ಇಲ್ಲೇ ಇದೀನಿ ಮಾರಾಯ, ಇನ್ನೊಂದು ಹಸು ಉಂಟು.’ ಕೇಳಿಸಿತೋ ಇಲ್ಲವೋ ಅನ್ನಿಸಿದರೆ ಬಾಗಿಲ ಕಡೆಗೆ ಬ್ಯಾಟರಿ ಬೆಳಕು ಬಿಡಿ.